ಹಲ್ಲು ಶರೀರದ ಭಾಗವಲ್ಲವೇ?

(ನಿವೃತ್ತರಿಗಾಗಿಯೂ ಅವರ ಮಕ್ಕಳಿಗಾಗಿಯೂ ಮೊಹಲ್ಲಾ ಮಟ್ಟದಲ್ಲಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ನಿವೃತ್ತಿ ಜೀವನ ಮತ್ತು ಆರೋಗ್ಯ ವಿಮೆ ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಾಗ, ನಾನು ಹೃದಯದ ಬಗ್ಗೆಯೋ ಮೂತ್ರಪಿಂಡದ ಬಗ್ಗೆಯೋ ಕ್ಯಾನ್ಸರಿನ ಬಗ್ಗೆಯೋ ಹೇಳುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆದರೆ ನಾನು ಆರಿಸಿಕೊಂಡದ್ದು ಹಲ್ಲನ್ನು. ಇದನ್ನು ಕೇಳಿ ಕೆಲವರು ನಗುತ್ತಿರುವುದು ಕಾಣಿಸುತ್ತಿದೆ. ನಗಬಹುದು. ನಗುವುದಕ್ಕೂ ಹಲ್ಲು ಬೇಕು ಎಂಬುದಷ್ಟೇ ನನ್ನ ವಿನಂತಿ.

ಮೊದಲು ಒಂದು ಘಟನೆಯನ್ನು ಹೇಳುತ್ತೇನೆ. ನಮ್ಮ ಮೊಹಲ್ಲಾದಲ್ಲಿ ಒಬ್ಬ ನಿವೃತ್ತ ಅಧ್ಯಾಪಕರಿದ್ದಾರೆ. ಎಲ್ಲರೂ ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಾರೆ. ಹೆಸರು ಬೇಡ. ಖತೀಬರು ಊರಲ್ಲಿಲ್ಲದ ದಿನ ನಮಾಝಿಗೆ ಮುಂದೆ ನಿಲ್ಲುವವರು ಅವರೇ. ಒಂದು ದಿನ ಅವರು ಮುಂದೆ ನಿಲ್ಲಲು ಒಪ್ಪಲಿಲ್ಲ. ಎರಡನೆಯ ಸಲವೂ ಒಪ್ಪಲಿಲ್ಲ. ಆ ಬಳಿಕ ಅವರು ಎರಡನೆಯ ಸಾಲಿನ ಮೂಲೆಯಲ್ಲಿ ನಿಲ್ಲತೊಡಗಿದರು. ಕಾರಣ ಕೇಳಿದಾಗ ಬಾಯಿಗೆ ಅಂಗೈಯನ್ನು ಅಡ್ಡ ಹಿಡಿದು, "ಅಕ್ಷರ ಸರಿಯಾಗಿ ಬರುವುದಿಲ್ಲ ಮಗಾ" ಎಂದರು. ತಜ್‌ವೀದ್ ಕಲಿತವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ನಾಲಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಅಂಚನ್ನು ಮುಟ್ಟದೆ ಅರಬಿಯ 'ಸಾ', 'ಝಾಲ್' ಅಕ್ಷರಗಳು ಹುಟ್ಟುವುದಿಲ್ಲ. ಆ ಹಲ್ಲುಗಳು ಕೆಳತುಟಿಯನ್ನು ತಾಗದೆ 'ಫಾ' ಹುಟ್ಟುವುದಿಲ್ಲ. ಮಾಸ್ಟ್ರ ಮುಂದಿನ ಹಲ್ಲುಗಳು ಉದುರಿದ್ದವು. ಉಳಿದವು ಅಲುಗಾಡುತ್ತಿದ್ದವು.

ಅವರಲ್ಲಿ ವಿಮೆ ಇರಲಿಲ್ಲವೇ? ಇತ್ತು. ಕೊಲ್ಲಿಯಲ್ಲಿರುವ ಮಗ ವರ್ಷ ವರ್ಷವೂ ಪ್ರೀಮಿಯಂ ಕಟ್ಟುತ್ತಿದ್ದ. ಹಲ್ಲು ಕೀಳಿಸಿ ಹೊಸ ಸೆಟ್ಟು ಕಟ್ಟಿಸಲು ಇಪ್ಪತ್ತೆರಡು ಸಾವಿರ ರೂಪಾಯಿ ಬೇಕೆಂದು ದಂತ ವೈದ್ಯರು ಹೇಳಿದಾಗ ಮಾಸ್ಟ್ರು ಧೈರ್ಯದಿಂದಲೇ ಆ ಪಾಲಿಸಿಯನ್ನು ಹಿಡಿದುಕೊಂಡು ಹೋದರು. ಕೆಲವೇ ದಿನಗಳಲ್ಲಿ ಉತ್ತರ ಬಂತು: ಈ ಚಿಕಿತ್ಸೆ ಪಾಲಿಸಿಯ ವ್ಯಾಪ್ತಿಯಲ್ಲಿಲ್ಲ. ಆ ಪಾಲಿಸಿಯನ್ನು ಕೊಳ್ಳುವಾಗ ಅದರ ಇಂಗ್ಲಿಷ್ ಕಾಗದವನ್ನು ಅವರಿಗೆ ಓದಿ ಹೇಳಿದವನು ನಾನೇ. ನಾನು ಓದಿದ್ದು ಮೊದಲ ಎರಡು ಪುಟ. ಏನೆಲ್ಲ ಸಿಗುತ್ತದೆ ಎಂಬುದು ಅಲ್ಲಿತ್ತು. ಏನು ಸಿಗುವುದಿಲ್ಲ ಎಂಬುದು ಕೊನೆಯ ಪುಟಗಳಲ್ಲಿತ್ತು. ಅದನ್ನು ನಾನು ಓದಲೇ ಇಲ್ಲ. ನಾನು ಇಂದು ಈ ವಿಷಯವನ್ನೇ ಆರಿಸಿಕೊಂಡದ್ದು ಏಕೆಂದು ಈಗ ತಮಗೆ ಅರ್ಥವಾಗಿರಬಹುದು.

ಹಲ್ಲು ಹೋದರೆ ಹೋಗುವುದು ಹಲ್ಲು ಮಾತ್ರವಲ್ಲ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ದುಡಿಯುವಾಗ ಉಣ್ಣಲು ಪುರುಸೊತ್ತಿಲ್ಲ, ಪುರುಸೊತ್ತು ಬಂದಾಗ ಉಣ್ಣಲು ಬಾಯಿಲ್ಲ. ನಿವೃತ್ತಿ ಜೀವನವನ್ನು ಇದಕ್ಕಿಂತ ಚುಟುಕಾಗಿ ಹೇಳಲು ಸಾಧ್ಯವಿಲ್ಲ. ಆದರೆ ನಾವು ಈ ಗಾದೆಯನ್ನು ವಿಧಿಯೆಂಬಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ವಯಸ್ಸಾದ ಮೇಲೆ ಹಲ್ಲು ಉದುರುವುದು ಸಹಜ ಎನ್ನುತ್ತೇವೆ. ನಿಜವಾಗಿ ಹಲ್ಲು ಉದುರುವುದು ವಯಸ್ಸಿನಿಂದಲ್ಲ, ಹುಳುಕಿನಿಂದ ಮತ್ತು ಒಸಡಿನ ರೋಗದಿಂದ. ಎರಡನ್ನೂ ತಡೆಯಬಹುದು, ಎರಡಕ್ಕೂ ಚಿಕಿತ್ಸೆಯಿದೆ.

ಹಲ್ಲಿಲ್ಲದ ಹಿರಿಯರು ಏನನ್ನು ತಿನ್ನುತ್ತಾರೆಂದು ಗಮನಿಸಿದ್ದೀರಾ? ಗಂಜಿ, ಚಹಾದಲ್ಲಿ ಅದ್ದಿದ ಬ್ರೆಡ್ಡು, ಬಿಸ್ಕತ್ತು. ಮಾಂಸ, ಕಾಳು, ಹಸಿ ತರಕಾರಿ, ಹಣ್ಣು ಇವೆಲ್ಲ ತಟ್ಟೆಯಿಂದ ಒಂದೊಂದಾಗಿ ಮರೆಯಾಗುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಬೇಡವಾದದ್ದೇ ಉಳಿಯುತ್ತದೆ, ಬೇಕಾದದ್ದು ಹೋಗುತ್ತದೆ. ಇಷ್ಟೇ ಅಲ್ಲ. ಮಧುಮೇಹ ಇದ್ದವರಲ್ಲಿ ಒಸಡಿನ ರೋಗ ಉಲ್ಬಣಿಸುತ್ತದೆ, ಒಸಡಿನ ರೋಗ ಇದ್ದವರಲ್ಲಿ ಮಧುಮೇಹ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಹಾಸಿಗೆ ಹಿಡಿದ ವೃದ್ಧರ ಬಾಯಿಯ ಕೊಳೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ರಕ್ತದೊತ್ತಡಕ್ಕೂ ನಿದ್ರೆಗೂ ಸೇವಿಸುವ ಅನೇಕ ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಹುಳುಕು ಬೇಗ ಹಬ್ಬುತ್ತದೆ. ಅಂದರೆ ಬಾಯಿ ಶರೀರದಿಂದ ಬೇರೆಯಾದ ದ್ವೀಪವಲ್ಲ. ಬಾಯಿಯ ರೋಗಗಳಿಂದ ಬಳಲುವವರು ಜಗತ್ತಿನಲ್ಲಿ ಸುಮಾರು 350 ಕೋಟಿ ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ವರದಿಯಲ್ಲಿ ಹೇಳಿದೆ.

ಮನೆಗಳಲ್ಲಿ ನಡೆಯುವುದೇನು? ಉಮ್ಮ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ, "ಹಸಿವಿಲ್ಲ" ಎನ್ನುತ್ತಾರೆ. ನಾವು ನಂಬುತ್ತೇವೆ. ಮದುವೆ ಊಟಕ್ಕೆ ಕರೆದರೆ, "ನೀವು ಹೋಗಿ ಬನ್ನಿ, ನನಗೆ ಕಾಲು ನೋವು" ಎನ್ನುತ್ತಾರೆ. ಅದನ್ನೂ ನಂಬುತ್ತೇವೆ. ನೋವಿರುವುದು ಕಾಲಿನಲ್ಲಲ್ಲ ಎಂದು ವಿಚಾರಿಸುವವರಿಲ್ಲ. ವೃದ್ಧ ತಂದೆತಾಯಿಯರ ಮುಂದೆ 'ಛೆ' ಎಂಬ ಉದ್ಗಾರವನ್ನೂ ತೆಗೆಯಬಾರದೆಂದು ಕುರ್‌ಆನ್ ಕಲಿಸುತ್ತದೆ. ನಾವು 'ಛೆ' ಎನ್ನದಿರಬಹುದು. ಆದರೆ ಕೇಳದೆಯೂ ಇರುತ್ತೇವಲ್ಲ?

ವಿಮೆಯಲ್ಲಿ ಹಲ್ಲಿಗೇಕೆ ಜಾಗವಿಲ್ಲ?

ವಿಮಾ ಕಂಪೆನಿಗಳನ್ನು ಬೈಯುವುದು ಸುಲಭ. ಮೊದಲು ಅವುಗಳ ಲೆಕ್ಕಾಚಾರವನ್ನು ತಿಳಿಯೋಣ. ಬರಬಹುದು, ಬರದೆಯೂ ಇರಬಹುದು ಎಂಬಂತಹ ದೊಡ್ಡ ಆಪತ್ತಿಗೆ ವಿಮೆ ಇರುತ್ತದೆ. ಸಾವಿರ ಮಂದಿ ಹಣ ಕಟ್ಟುತ್ತಾರೆ, ಕೆಲವರಿಗೆ ಮಾತ್ರ ಹೃದಯಾಘಾತವಾಗುತ್ತದೆ, ಉಳಿದವರ ಹಣದಿಂದ ಅವರ ಖರ್ಚು ನಡೆಯುತ್ತದೆ. ಆದರೆ ಅರುವತ್ತು ದಾಟಿದ ಸಾವಿರ ಮಂದಿಯಲ್ಲಿ ಹಲ್ಲಿನ ತೊಂದರೆ ಇಲ್ಲದವರೇ ವಿರಳ. ಇಲ್ಲಿ ಆಪತ್ತು ಅನಿಶ್ಚಿತವಲ್ಲ, ಹೆಚ್ಚುಕಡಿಮೆ ನಿಶ್ಚಿತ. ಜೊತೆಗೆ ಹಲ್ಲು ನೋಯತೊಡಗಿದ ಮೇಲೆಯೇ ಪಾಲಿಸಿ ಕೊಳ್ಳುವವರೂ ಇರುತ್ತಾರೆ. ಹಾಗಾಗಿ ಕಂಪೆನಿ ಹಲ್ಲನ್ನು ಹೊರಗಿಡುತ್ತದೆ. ಇಲ್ಲವೇ ಕಟ್ಟಿದಷ್ಟೇ ಮರಳುವಂತಹ ಸಣ್ಣ ಮಿತಿಯನ್ನು ಹಾಕಿ, ಹೊರರೋಗಿ ಚಿಕಿತ್ಸೆಯ ಹೆಸರಿನಲ್ಲಿ ಹೆಚ್ಚುವರಿ ಪ್ರೀಮಿಯಂ ಕೇಳುತ್ತದೆ.

ಎರಡನೆಯ ಕಾರಣ, ನಮ್ಮ ದೇಶದಲ್ಲಿ ಆರೋಗ್ಯ ವಿಮೆಯೆಂದರೆ ಬಹುತೇಕ ಆಸ್ಪತ್ರೆಗೆ ದಾಖಲಾಗುವುದರ ವಿಮೆ. ಹಲ್ಲಿನ ಚಿಕಿತ್ಸೆಯಾದರೋ ಕುರ್ಚಿಯ ಮೇಲೆ ಆರಂಭವಾಗಿ ಕುರ್ಚಿಯ ಮೇಲೆಯೇ ಮುಗಿಯುತ್ತದೆ. ಮಂಚದ ಮೇಲೆ ಮಲಗದವನು ವಿಮೆಯ ಕಣ್ಣಿನಲ್ಲಿ ರೋಗಿಯೇ ಅಲ್ಲ!

ಈ ತರ್ಕ ವ್ಯಾಪಾರಿಯ ದೃಷ್ಟಿಯಿಂದ ಸರಿಯಿರಬಹುದು. ಆದರೆ ಸರಕಾರ ವ್ಯಾಪಾರಿಯಲ್ಲ. ಎಲ್ಲರಿಗೂ ಖಂಡಿತವಾಗಿ ಬರುವ ಕಷ್ಟವೆಂದಾದರೆ ಎಲ್ಲರೂ ಸೇರಿ ಹೊರಬೇಕಾದ ಹೊರೆ ಅದು. ಅದನ್ನು ವಿಮಾ ಏಜೆಂಟರ ಚೀಲಕ್ಕೆ ಬಿಡಲಾಗದು.

ನಾನು ಮದ್ರಸದಲ್ಲಿ ಫಿಕ್‌ಹ್ ಕಲಿಯುತ್ತಿದ್ದಾಗ ಪರಿಹಾರ ಧನದ ಅಧ್ಯಾಯದಲ್ಲಿ ಒಂದು ವಿಷಯ ನನ್ನನ್ನು ಅಚ್ಚರಿಗೊಳಿಸಿತ್ತು. ಒಬ್ಬನ ಕಣ್ಣಿಗೆ, ಕೈಗೆ ಹಾನಿ ಮಾಡಿದವನು ಪರಿಹಾರ ತೆರಬೇಕು ಎಂಬುದರ ಜೊತೆಗೇ, ಒಂದೊಂದು ಹಲ್ಲಿಗೆ ಐದೈದು ಒಂಟೆಗಳ ಪರಿಹಾರ ಎಂದು ಅಲ್ಲಿ ಬರುತ್ತದೆ. ಹದಿನಾಲ್ಕು ಶತಮಾನಗಳ ಹಿಂದೆ ಮರುಭೂಮಿಯ ನಾಡಿನಲ್ಲಿ ಹಲ್ಲನ್ನು ಬೆಲೆಯುಳ್ಳ ಅಂಗವೆಂದು ಎಣಿಸಲಾಗಿತ್ತು. ಇಂದಿನ ಪಾಲಿಸಿಗಳಲ್ಲಿ ಅದಕ್ಕೆ ಅಂಗದ ಸ್ಥಾನವೂ ಇಲ್ಲ.

ಈಗ ಇರುವುದೇನು?

ಇನ್ನು ವಿವರಗಳಿಗೆ ಬರುತ್ತೇನೆ. ದಯವಿಟ್ಟು ಮಕ್ಕಳು ಇದನ್ನು ಗುರುತು ಮಾಡಿಕೊಳ್ಳಬೇಕು.

ಮೊದಲನೆಯದು ಆಯುಷ್ಮಾನ್ ಭಾರತ್. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಚಿಕಿತ್ಸೆಯ ಭರವಸೆಯಿದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಇದನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿ ಚಾಲನೆ ನೀಡಿತು. ಒಳ್ಳೆಯ ಹೆಜ್ಜೆ, ಸ್ವಾಗತಿಸೋಣ. ಆದರೆ ಹಲ್ಲಿನ ಪ್ರಶ್ನೆ ಬಂದಾಗ ಯೋಜನೆಯ ನಿಯಮ ಸ್ಪಷ್ಟವಾಗಿದೆ. ಹುಳುಕು ತುಂಬುವುದು, ರೂಟ್ ಕೆನಾಲ್, ಒಸಡಿನ ರೋಗ, ಇಂಪ್ಲಾಂಟ್ ಇವುಗಳಿಗೆ ಹಣವಿಲ್ಲ. ಅಪಘಾತದ ಗಾಯ, ಗಡ್ಡೆ, ದವಡೆಯ ಎಲುಬಿನ ಶಸ್ತ್ರಚಿಕಿತ್ಸೆ ಮುಂತಾಗಿ ಆಸ್ಪತ್ರೆಗೆ ದಾಖಲಾಗಲೇಬೇಕಾದ ಸಂದರ್ಭಗಳಿಗೆ ಮಾತ್ರ ಇದೆ. ದವಡೆ ಮುರಿದರೆ ಸರಕಾರ ಬರುತ್ತದೆ, ಹಲ್ಲು ಹುಳುಕಾದರೆ ಬರುವುದಿಲ್ಲ. ಹಿರಿಯರ ಕಾರ್ಡು ತಮ್ಮ ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ಕಾಯಿಲೆ ಬೀಳುವ ಮೊದಲೇ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಟ್ಟುಕೊಳ್ಳಿ.

ಎರಡನೆಯದು, ಕೇಂದ್ರ ಸರಕಾರದ ನೌಕರಿಯಿಂದ ನಿವೃತ್ತರಾದವರಿಗಿರುವ ಸಿ.ಜಿ.ಎಚ್.ಎಸ್. ಇದರಲ್ಲಿ ಹಲ್ಲು ಕೀಳುವುದು, ತುಂಬುವುದು, ರೂಟ್ ಕೆನಾಲ್, ಕೃತಕ ಹಲ್ಲಿನ ಸೆಟ್ಟು ಇವುಗಳಿಗೆ ನಿಗದಿತ ದರಗಳಿವೆ. ಮಾಜಿ ಸೈನಿಕರಿಗೆ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಇದೆ, ಅದರ ಪಾಲಿಕ್ಲಿನಿಕ್‌ಗಳಲ್ಲಿ ದಂತ ವೈದ್ಯರೂ ಇರುತ್ತಾರೆ. ಅಂದರೆ ಹಲ್ಲಿಗೆ ಭದ್ರತೆ ಕೊಡುವುದು ಹೇಗೆಂದು ಸರಕಾರಕ್ಕೆ ಗೊತ್ತಿಲ್ಲ ಎನ್ನುವಂತಿಲ್ಲ. ತನ್ನ ನೌಕರರಿಗೆ ಅದು ಕೊಟ್ಟಿದೆ. ಬೀಡಿ ಕಟ್ಟಿದ ತಾಯಂದಿರಿಗೆ, ಬಂದರಿನಲ್ಲಿ ಮೂಟೆ ಹೊತ್ತವರಿಗೆ, ಮೂವತ್ತು ವರ್ಷ ಕೊಲ್ಲಿಯಲ್ಲಿ ದುಡಿದು ಪಿಂಚಣಿಯಿಲ್ಲದೆ ಮರಳಿದವರಿಗೆ ಏಕಿಲ್ಲ ಎಂಬುದು ನಮ್ಮ ಪ್ರಶ್ನೆ.

ಮೂರನೆಯದು ಇ.ಎಸ್.ಐ. ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿದು ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇ.ಎಸ್.ಐ. ವಿಮಾದಾರರಾಗಿದ್ದು ವಯೋನಿವೃತ್ತರಾದವರು ತೀರಾ ಸಣ್ಣ ವಾರ್ಷಿಕ ಮೊತ್ತವನ್ನು ಕಟ್ಟಿ, ತನಗೂ ಜೀವನ ಸಂಗಾತಿಗೂ ಇ.ಎಸ್.ಐ.ನ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಬಹುದು. ಈ ಸಭೆಯಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು? ಕೈಗಳು ಬಹಳ ಕಡಿಮೆ. ನಮ್ಮಲ್ಲಿ ಹಕ್ಕುಗಳು ಕಳೆದುಹೋಗುವುದು ಹೆಚ್ಚಾಗಿ ಯಾರೋ ಕಸಿದುಕೊಂಡದ್ದರಿಂದಲ್ಲ, ನಾವು ವಿಚಾರಿಸದೇ ಇದ್ದುದರಿಂದ.

ನಾಲ್ಕನೆಯದು ಕರ್ನಾಟಕದ್ದೇ ದಂತಭಾಗ್ಯ ಯೋಜನೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ, ಎಲ್ಲ ಹಲ್ಲುಗಳನ್ನು ಕಳೆದುಕೊಂಡ ಹಿರಿಯರಿಗೆ ದಂತ ವೈದ್ಯಕೀಯ ಕಾಲೇಜುಗಳ ಮೂಲಕ ಉಚಿತವಾಗಿ ಪೂರ್ಣ ಸೆಟ್ಟು ಕೊಡಿಸುವ ಉದ್ದೇಶದಿಂದ ರಾಜ್ಯ ಸರಕಾರ 2014ರಲ್ಲಿ ಇದನ್ನು ತಂದಿತು. ಹೆಸರು ಕೇಳಿ ಆಗ ಕೆಲವರು ತಮಾಷೆ ಮಾಡಿದ್ದರು. ಹಲ್ಲಿರುವವರಿಗೆ ಅದು ತಮಾಷೆ. ಹಲ್ಲಿಲ್ಲದವನಿಗೆ ಅದು ನಿಜಕ್ಕೂ ಭಾಗ್ಯವೇ. ಇಂತಹ ಯೋಜನೆಗಳು ಘೋಷಣೆಯಾದ ವರ್ಷ ಸುದ್ದಿಯಾಗುತ್ತವೆ, ಆ ಬಳಿಕ ಕೇಳುವವರಿಲ್ಲದೆ ಸೊರಗುತ್ತವೆ. ಕೇಳುತ್ತಲೇ ಇರುವುದು ನಮ್ಮ ಕೆಲಸ.

ಐದನೆಯದು ಖಾಸಗಿ ಪಾಲಿಸಿ. 2020ರಿಂದ ವಿಮಾ ಕಂಪೆನಿಗಳು ಮಾರುತ್ತಿರುವ 'ಆರೋಗ್ಯ ಸಂಜೀವನಿ' ಎಂಬ ಏಕರೂಪದ ಪಾಲಿಸಿಯಲ್ಲಿ ರೋಗ ಅಥವಾ ಗಾಯದಿಂದ ಅನಿವಾರ್ಯವಾದ ದಂತ ಚಿಕಿತ್ಸೆ ಸೇರಿದೆ. ಆದರೆ ಅದು ಆಸ್ಪತ್ರೆ ವೆಚ್ಚದ ಚೌಕಟ್ಟಿನೊಳಗೆ. ಉಳಿದ ಅನೇಕ ಪಾಲಿಸಿಗಳಲ್ಲಿ ಅಪಘಾತದ ಹೊರತು ಹಲ್ಲಿಗೆ ಜಾಗವಿಲ್ಲ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಪಾಲಿಸಿ ಕೊಳ್ಳಲು 65 ವರ್ಷವೆಂದಿದ್ದ ಮಿತಿಯನ್ನು ತೆಗೆದುಹಾಕಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48 ತಿಂಗಳಿನಿಂದ 36ಕ್ಕೆ ಇಳಿಸಿತು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಅವಕಾಶವನ್ನೂ ಕೊಟ್ಟಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ರದ್ದಾಗಿದೆ. ಇವೆಲ್ಲ ಹಿರಿಯರಿಗೆ ಅನುಕೂಲವಾದ ಬದಲಾವಣೆಗಳು. ಆದರೆ ಆ 30 ದಿನಗಳಲ್ಲಿ ಕೊನೆಯ ಪುಟಗಳನ್ನು ಓದಿದವನಿಗೆ ಮಾತ್ರ. ನನ್ನಂತೆ ಎರಡು ಪುಟ ಓದಿ ಮಡಚಿಟ್ಟವನಿಗೆ ಅಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪೆನಿಗೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಮೆ ಸಮ್ಮತವೇ ಎಂಬ ಪ್ರಶ್ನೆ

ಇಲ್ಲಿ ಒಂದು ಸಂದೇಹ ಸಹಜವಾಗಿಯೇ ಏಳುತ್ತದೆ. ವಾಣಿಜ್ಯ ವಿಮೆಯ ಬಗ್ಗೆ ವಿದ್ವಾಂಸರಲ್ಲಿ ಆಕ್ಷೇಪವಿದೆ. ಬಡ್ಡಿ ಮತ್ತು ಅನಿಶ್ಚಿತತೆ ಅದರಲ್ಲಿ ಸೇರಿಕೊಂಡಿದೆ ಎಂಬುದು ಅದರ ಕಾರಣ. 1985ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ. ಆದರೆ ಪರಸ್ಪರ ಸಹಕಾರದ ತತ್ವದ ಮೇಲೆ ನಿಂತ ವಿಮೆಯನ್ನು ಅದು ಒಪ್ಪಿತು. ಫತ್ವಾ ಕೊಡುವುದು ನನ್ನ ಕೆಲಸವಲ್ಲ, ತಮ್ಮ ಉಲಮಾರನ್ನು ಕೇಳಿಕೊಳ್ಳಿ. ನಾನು ಹೇಳಬಯಸುವುದು ಎರಡೇ ಮಾತು. ಆಯುಷ್ಮಾನ್, ದಂತಭಾಗ್ಯದಂತಹ ಯೋಜನೆಗಳಲ್ಲಿ ತಾವು ಪ್ರೀಮಿಯಂ ಕಟ್ಟುವುದೇ ಇಲ್ಲ. ಅದು ಸರಕಾರ ತನ್ನ ಪ್ರಜೆಗೆ ಸಲ್ಲಿಸುವ ಸೇವೆ. ಅದನ್ನು ಸಂದೇಹದ ಹೆಸರಿನಲ್ಲಿ ಬಿಟ್ಟುಕೊಡಬೇಡಿ. ಇನ್ನೊಂದು, ವಿಮೆ ಬೇಡವೆನ್ನುವವರು ಅದರ ಜಾಗದಲ್ಲಿ ಪರಸ್ಪರ ಸಹಕಾರವನ್ನು ಕಟ್ಟಿ ನಿಲ್ಲಿಸಬೇಕು. 'ಬೇಡ' ಎಂದಷ್ಟೇ ಹೇಳಿ ಹಿರಿಯರನ್ನು ನೋವಿನೊಂದಿಗೆ ಬಿಟ್ಟುಬಿಡುವುದು ಧರ್ಮನಿಷ್ಠೆಯಲ್ಲ.

ಕೃತಕ ಹಲ್ಲಿನ ಬಗ್ಗೆಯೂ ಕೆಲವು ಹಿರಿಯರಿಗೆ ಅಳುಕಿದೆ. ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್‌ಫಜಾ(ರ) ಎಂಬ ಸಹಾಬಿಗೆ ಚಿನ್ನದ ಮೂಗನ್ನು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಅಲುಗಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಬಿಗಿಸುವುದಕ್ಕೆ ಅನೇಕ ಕರ್ಮಶಾಸ್ತ್ರಜ್ಞರು ಇದನ್ನೇ ಆಧಾರವಾಗಿ ತೆಗೆದುಕೊಂಡರು. ಸಾವಿರ ವರ್ಷಗಳ ಹಿಂದೆ ಕುರ್ತುಬಾದ ಅಝ್ಝಹ್ರಾವಿ ಹಲ್ಲಿನ ಕಿಟ್ಟವನ್ನು ಕೆರೆದು ತೆಗೆಯುವ ಉಪಕರಣಗಳ ಚಿತ್ರಗಳನ್ನೇ ತನ್ನ ಗ್ರಂಥದಲ್ಲಿ ಬರೆದಿಟ್ಟ. ಬಿದ್ದ ಹಲ್ಲಿನ ಜಾಗದಲ್ಲಿ ಎತ್ತಿನ ಎಲುಬಿನಿಂದ ಕೆತ್ತಿದ ಹಲ್ಲನ್ನು ಕೂರಿಸಬಹುದೆಂದೂ ಹೇಳಿದ. ನಮ್ಮ ಪರಂಪರೆಗೆ ಹಲ್ಲು ಎಂದೂ ಅಲ್ಪ ವಿಷಯವಾಗಿರಲಿಲ್ಲ.

ಇತರ ದೇಶಗಳು ಕಲಿಸುವ ಪಾಠ

ಹಿರಿಯರ ಹಲ್ಲು ಎಲ್ಲ ದೇಶಗಳಲ್ಲೂ ರಾಜಕೀಯದ ವಿಷಯವಾಗಿದೆ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಚಿಕಿತ್ಸೆಯೂ ಉಚಿತವಾಗಿತ್ತು. ವರ್ಷಾನುಗಟ್ಟಲೆ ನೋವು ನುಂಗಿದ್ದ ಜನ ಹಲ್ಲಿನ ಸೆಟ್ಟಿಗಾಗಿ ಮುಗಿಬಿದ್ದರು. ಖರ್ಚು ಏರಿತು. 1951ರಲ್ಲಿ ಸರಕಾರ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹೇರಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಪ್ರತಿಭಟಿಸಿ ಮಂತ್ರಿ ಪದವಿಯನ್ನೇ ತ್ಯಜಿಸಿದರು. ಬಡವರ ಹಲ್ಲಿಗಾಗಿ ಕುರ್ಚಿ ಬಿಟ್ಟ ಮಂತ್ರಿ! ನಮ್ಮಲ್ಲಿ ಇಂತಹ ಒಂದು ಉದಾಹರಣೆಯನ್ನು ಹುಡುಕಿ ನೋಡಿ.

ಅಮೆರಿಕ ಹಿರಿಯ ನಾಗರಿಕರಿಗಾಗಿ 1965ರಲ್ಲಿ ಮೆಡಿಕೇರ್ ಎಂಬ ಸರಕಾರಿ ವಿಮೆಯನ್ನು ತಂದಿತು. ಆದರೆ ಸಾಮಾನ್ಯ ದಂತ ಚಿಕಿತ್ಸೆಯನ್ನು ಕಾನೂನಿನಲ್ಲೇ ಹೊರಗಿಟ್ಟಿತು. ಅರುವತ್ತು ವರ್ಷಗಳ ಬಳಿಕವೂ ಆ ಬಾಗಿಲು ಪೂರ್ತಿ ತೆರೆದಿಲ್ಲ. ಒಮ್ಮೆ ಹೊರಗಿಟ್ಟದ್ದನ್ನು ಒಳಗೆ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ನೆರೆಯ ಕೆನಡಾ ತಡವಾಗಿಯಾದರೂ ಎಚ್ಚೆತ್ತಿತು. ಅಲ್ಲಿ ಖಾಸಗಿ ದಂತ ವಿಮೆಯಿಲ್ಲದ, ಕುಟುಂಬದ ಆದಾಯ 90,000 ಡಾಲರಿಗಿಂತ ಕಡಿಮೆಯಿರುವವರಿಗೆ ಸರಕಾರಿ ದಂತ ಯೋಜನೆ 2024ರ ಮೇ ತಿಂಗಳಿನಿಂದ ಚಿಕಿತ್ಸೆ ಕೊಡತೊಡಗಿತು. ಮೊದಲ ಸರದಿ ಹಿರಿಯರದ್ದಾಗಿತ್ತು.

ಜಪಾನಿನಲ್ಲಿ 1961ರಿಂದಲೇ ಎಲ್ಲರಿಗೂ ಆರೋಗ್ಯ ವಿಮೆಯಿದೆ. ಹಲ್ಲಿನ ಚಿಕಿತ್ಸೆಯೂ ಕೃತಕ ಹಲ್ಲೂ ಅದರೊಳಗಿವೆ. 1989ರಲ್ಲಿ ಅವರು ಒಂದು ಗುರಿಯನ್ನಿಟ್ಟುಕೊಂಡರು: 80ನೇ ವಯಸ್ಸಿನಲ್ಲಿ ಬಾಯಿಯಲ್ಲಿ 20 ಸ್ವಂತ ಹಲ್ಲುಗಳಿರಬೇಕು. ಆಗ ಅದು ಕನಸಾಗಿತ್ತು. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಹಲ್ಲು ಉದುರುವುದು ವಿಧಿಯಲ್ಲ ಎಂದು ನಾನು ಆರಂಭದಲ್ಲಿ ಹೇಳಿದೆನಲ್ಲ, ಇದೇ ಅದರ ಪುರಾವೆ.

ನಮ್ಮ ದೇಶದಲ್ಲೂ ಒಂದು ಉಜ್ವಲ ಆರಂಭವಿತ್ತು. ಡಾ. ರಫಿಯುದ್ದೀನ್ ಅಹ್ಮದ್ ಅಮೆರಿಕದಲ್ಲಿ ದಂತ ವೈದ್ಯಕೀಯ ಕಲಿತು ಮರಳಿ, 1920ರಲ್ಲಿ ಕಲ್ಕತ್ತಾದಲ್ಲಿ ಭಾರತದ ಪ್ರಥಮ ದಂತ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1949ರಲ್ಲಿ ಆ ಕಾಲೇಜನ್ನು ಸರಕಾರಕ್ಕೆ ದಾನವಾಗಿ ಕೊಟ್ಟರು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ತಾನು ಕಟ್ಟಿದ್ದನ್ನು ನಾಡಿನ ಕೈಗಿತ್ತ ಆ ಮಹನೀಯರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆಯೇ?

ನಾವೇನು ಮಾಡಬೇಕು?

ಮೊದಲು ಮನೆಯಲ್ಲಿ. ಇಂದು ರಾತ್ರಿ ಊಟದ ಹೊತ್ತಿಗೆ ತಮ್ಮ ತಂದೆತಾಯಿಯ ತಟ್ಟೆಯನ್ನು ನೋಡಿ. ಏನನ್ನು ಬಿಟ್ಟಿದ್ದಾರೆ ಎಂಬುದನ್ನು ನೋಡಿ. ಆರು ತಿಂಗಳಿಗೊಮ್ಮೆ, ಕನಿಷ್ಠ ವರ್ಷಕ್ಕೊಮ್ಮೆ ದಂತ ವೈದ್ಯರ ಬಳಿ ಕರೆದೊಯ್ಯಿರಿ. ಹೋಗುವಾಗ ಅವರು ಸೇವಿಸುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಎಲುಬಿನ ಸವೆತದ ಔಷಧಿಗಳ ಬಗ್ಗೆ ಹಲ್ಲು ಕೀಳುವ ಮೊದಲೇ ವೈದ್ಯರಿಗೆ ಗೊತ್ತಿರಬೇಕು. ಸೆಟ್ಟು ಇರುವವರು ರಾತ್ರಿ ಅದನ್ನು ತೆಗೆದು ತೊಳೆದು ನೀರಿನಲ್ಲಿಡಲಿ. ಎಲೆ ಅಡಿಕೆ, ತಂಬಾಕು ಜಗಿಯುವ ಹಿರಿಯರ ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ ಇವುಗಳಿದ್ದರೆ ಒಂದು ದಿನವೂ ತಡ ಮಾಡಬೇಡಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಇದು ಕಹಿ ಮಾತು. ಆದರೆ ಸತ್ಯ. ಇನ್ನು ಮಿಸ್ವಾಕಿನ ಬಗ್ಗೆ ನಾನು ಹೇಳಬೇಕಾದುದಿಲ್ಲ. ಸಮುದಾಯಕ್ಕೆ ಕಷ್ಟವಾಗದೆಂದಿದ್ದರೆ ಪ್ರತಿ ನಮಾಝಿನ ವೇಳೆಯೂ ಅದನ್ನು ಕಡ್ಡಾಯಗೊಳಿಸುತ್ತಿದ್ದೆ ಎಂಬರ್ಥದ ಪ್ರವಾದಿ ವಚನವನ್ನು ಮದ್ರಸದ ಪುಟ್ಟ ಮಕ್ಕಳೂ ಬಲ್ಲರು.

ಎರಡನೆಯದಾಗಿ ಜಮಾಅತಿನಲ್ಲಿ. ಮಂಗಳೂರು ಒಂದರಲ್ಲೇ ಹಲವು ದಂತ ವೈದ್ಯಕೀಯ ಕಾಲೇಜುಗಳಿವೆ. ವಿದ್ಯಾರ್ಥಿಗಳಿಗೆ ಕಲಿಯಲು ರೋಗಿಗಳು ಬೇಕು, ಅಲ್ಲಿ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ನಡೆಯುವ ಚಿಕಿತ್ಸೆಯ ದರ ಹೊರಗಿಗಿಂತ ಬಹಳ ಕಡಿಮೆ. ಹಿರಿಯರಿಗೆ ಬೇಕಿರುವುದು ಕರೆದೊಯ್ಯಲು ಒಂದು ವಾಹನ, ಜೊತೆಗೆ ಕೂರಲು ಒಬ್ಬ ಯುವಕ. ಒಂದು ಸೆಟ್ಟಿಗಾಗಿ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಅರ್ಧದಲ್ಲೇ ಬಿಟ್ಟು ಬರುವವರು ಹೆಚ್ಚಿನವರು ಹಣವಿಲ್ಲದೆ ಬಿಡುವುದಲ್ಲ, ಜನವಿಲ್ಲದೆ ಬಿಡುವುದು. ನಮ್ಮ ಯುವಕರು ಇದನ್ನು ಕೆಲಸವಾಗಿ ಎತ್ತಿಕೊಳ್ಳಬಾರದೇಕೆ? ಪ್ರತಿ ಮನೆಯಿಂದ ತಿಂಗಳಿಗೆ ಐವತ್ತು ರೂಪಾಯಿ ಸಂಗ್ರಹಿಸಿ ಹಿರಿಯರ ಚಿಕಿತ್ಸಾ ನಿಧಿಯನ್ನು ಆರಂಭಿಸಿದರೆ, ಇನ್ನೂರು ಮನೆಗಳ ಜಮಾಅತಿನಲ್ಲಿ ವರ್ಷಕ್ಕೆ 1,20,000 ರೂಪಾಯಿ ಆಗುತ್ತದೆ. ಅಕಾಡೆಮಿ ಹೇಳಿದ ಪರಸ್ಪರ ಸಹಕಾರವೆಂದರೆ ಇದೇ. ಆ ನಿಧಿಯ ಬಾಗಿಲು ಪಕ್ಕದ ಮನೆಯ ಅಜ್ಜಿಗೂ ತೆರೆದಿರಲಿ. ಹಲ್ಲುನೋವಿಗೆ ಜಾತಿಮತಗಳಿಲ್ಲ.

ಮೂರನೆಯದಾಗಿ ಸರಕಾರದ ಮುಂದೆ. ನಮ್ಮ ಬೇಡಿಕೆ ದೊಡ್ಡದೇನಲ್ಲ. 70 ದಾಟಿದವರ ಆಯುಷ್ಮಾನ್ ಕಾರ್ಡಿನಲ್ಲಿ ಹಲ್ಲು ತುಂಬುವುದು, ಕೀಳುವುದು, ಒಸಡಿನ ಚಿಕಿತ್ಸೆ, ಒಂದು ಸೆಟ್ಟು ಇಷ್ಟನ್ನು ಸೇರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ದಂತ ವೈದ್ಯರ ಹುದ್ದೆಯನ್ನು ಖಾಲಿ ಬಿಡಬೇಡಿ. ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಇಡೋಣ. ಶಾಸಕರು ನಗಬಹುದು. ಬೆವನ್‌ರ ಕತೆಯನ್ನು ಅವರಿಗೆ ಹೇಳಿ.

ಕೊನೆಯದಾಗಿ ಮಾಸ್ಟ್ರ ಸಂಗತಿ. ಅವರ ಮಗಳು ಒಂದು ದಂತ ಕಾಲೇಜಿಗೆ ಅವರನ್ನು ಕರೆದುಕೊಂಡು ಹೋದಳು. ಐದು ಸಲ ಬಸ್ಸಿನಲ್ಲಿ ಹೋಗಿ ಬಂದರು. ಖಾಸಗಿಯಲ್ಲಿ ಹೇಳಿದ್ದ ಮೊತ್ತದ ಸಣ್ಣ ಪಾಲಿನಲ್ಲೇ ಕೆಲಸ ಮುಗಿಯಿತು. ಸೆಟ್ಟು ಹೊಂದಿಕೊಳ್ಳಲು ಕೆಲವು ವಾರ ಹಿಡಿಯಿತು, ಒಸಡು ಹುಣ್ಣಾಯಿತು, ಮತ್ತೆ ಹೋಗಿ ಸರಿಪಡಿಸಿಕೊಂಡರು. ಮುಂದೆ ನಿಲ್ಲಲು ಅವರು ಇನ್ನೂ ಒಪ್ಪಿಲ್ಲ, 'ಸಾ' ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲವಂತೆ. ಆದರೆ ಅಸರ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ಕುಳಿತು, ಬಾಯಿಗೆ ಅಂಗೈ ಅಡ್ಡ ಹಿಡಿಯದೆ, ಮೆಲ್ಲನೆ ಅಕ್ಷರಗಳನ್ನು ಅಭ್ಯಾಸ ಮಾಡುವುದನ್ನು ನಾನು ನೋಡಿದ್ದೇನೆ. ವಿಮೆಯ ಹಣವಿಲ್ಲದೆಯೂ ಇದು ಸಾಧ್ಯವಾಯಿತು, ಒಬ್ಬ ಮಗಳಿದ್ದುದರಿಂದ. ಮಗಳಿಲ್ಲದವರಿಗೆ ಜಮಾಅತ್ ಇರಬೇಕು. ಜಮಾಅತಿಗೂ ಮೀರಿದ್ದಕ್ಕೆ ಸರಕಾರವಿರಬೇಕು.

ನಮ್ಮ ಹಿರಿಯರ ಮೌನವನ್ನು ಅರ್ಥ ಮಾಡಿಕೊಳ್ಳುವ ಮನಸ್ಸನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ವಸ್ಸಲಾಮ್.